ವ್ಯಾಲೆಂಟೈನ್ ಮಾಮ್ ಇಳಿಸಿದ ಶ್ರುತಿ

ದೇವರು ವ್ಯಾಲೆಂಟೈನ್ ಮಥಾಯಸ್‌ಗೆ ಕೊಟ್ಟದ್ದು ಎರಡೇ ಆಸ್ತಿ. ಒಂದು ಗಂಟಲು. ಇನ್ನೊಂದು, ಆ ಗಂಟಲಿನ ಬಗ್ಗೆ ಹೊಟ್ಟೆ ತುಂಬ ಜಂಬ. ವಾರದ ಆರು ದಿನ ಆ ಗಂಟಲು ಬಸ್ಸಿನ ಧಣಿಗಳದ್ದು. ಕಾರ್ಕಳದಿಂದ ಪಡುಬಿದ್ರಿ, ಕಾಪು ಮಾರ್ಗವಾಗಿ ಉಡುಪಿಗೆ ಓಡುತ್ತಿದ್ದ ಬಸ್ಸಿನ ಹಿಂಬಾಗಿಲಲ್ಲಿ ಒಂದು ಕಾಲು ಊರಿ, ಇನ್ನೊಂದನ್ನು ಗಾಳಿಗೆ ಬಿಟ್ಟು ಅವನು 'ಉಡ್ಪಿ ಉಡ್ಪಿ ಉಡ್ಪಿ' ಎಂದು ಕೂಗಿದರೆ ಗದ್ದೆಯ ಆಚೆ ಮನೆಯೊಳಗೆ ತಲೆ ಬಾಚುತ್ತಿದ್ದವರೂ ಬಾಚಣಿಗೆ ಬಿಸಾಡಿ ಓಡಿ ಬರುತ್ತಿದ್ದರು. ಏಳನೆಯ ದಿನ ಅದು ಕಂಚಿಬೈಲಿನ ಇಗರ್ಜಿಯದ್ದು. ಭಾನುವಾರದ ಪೂಜೆ ಮುಗಿಯದೆ ಬಸ್ಸು ಹತ್ತುವುದಿಲ್ಲ ಎಂದು ಕೆಲಸಕ್ಕೆ ಸೇರುವಾಗಲೇ ಹೇಳಿಬಿಟ್ಟಿದ್ದ. ಧಣಿಗಳು, "ಆಯ್ತು ಮಾರಾಯ, ದೇವರ ಹತ್ತಿರ ನನ್ನದೂ ಒಂದು ಮಾತು ಹೇಳು" ಎಂದು ನಕ್ಕು ಒಪ್ಪಿದ್ದರು.

ಕಾಪುವಿನಿಂದ ಒಳಗೆ ಹೋದರೆ ಸಿಗುವ ಈ ಕಂಚಿಬೈಲಿನಲ್ಲಿ ಹಾಡು ಎತ್ತುವುದೆಂದರೆ ಸಣ್ಣ ಕೆಲಸವಲ್ಲ. ಇಗರ್ಜಿಯ ಹಳೆಯ ಹಾರ್ಮೋನಿಯಂ ಒಂದು ಮಳೆಗಾಲದಲ್ಲಿ ಗೆದ್ದಲಿನ ಪಾಲಾಗಿತ್ತು. ಹೊಸದರ ಮಾತು ಬಂದಾಗಲೆಲ್ಲ ಮಾಡಿನ ಹಂಚೋ ಗಂಟೆಯ ಗೋಪುರವೋ ಅಡ್ಡ ಬರುತ್ತಿತ್ತು. ಹಾಗಾಗಿ ಅರವತ್ತರ ದಶಕದ ಆರಂಭದಿಂದ ಆ ಊರಿಗೆ ಶ್ರುತಿ ಕೊಡುವ ಪೆಟ್ಟಿಗೆ ಎಂದರೆ ವ್ಯಾಲೆಂಟೈನನ ಗಂಟಲೇ. ಮೊದಲ ಸಾಲನ್ನು ಅವನೊಬ್ಬನೇ ಹಾಡಬೇಕು. ಅವನು ಹಿಡಿದ ಶ್ರುತಿಯನ್ನು ಹಿಡಿದು ಎರಡನೆಯ ಸಾಲಿಗೆ ಹಾಡುವ ತಂಡ, ಮೂರನೆಯದಕ್ಕೆ ಇಡೀ ಸಭೆ ಸೇರಿಕೊಳ್ಳಬೇಕು. ಅವನು ಮೇಲೆ ಎತ್ತಿದರೆ ಎಲ್ಲರೂ ಮೇಲೆ, ಕೆಳಗೆ ಎತ್ತಿದರೆ ಎಲ್ಲರೂ ಕೆಳಗೆ. ಪಾದ್ರಿಗಳು ಬದಲಾದರು, ಲ್ಯಾಟಿನ್ ಹೋಗಿ ಕೊಂಕಣಿ ಬಂತು, ಹಾಡು ಎತ್ತುವವ ಮಾತ್ರ ಬದಲಾಗಲಿಲ್ಲ. ಊರಿನವರು ಸಣ್ಣವರು ದೊಡ್ಡವರು ಎನ್ನದೆ ಅವನನ್ನು ಕೊಂಕಣಿಯಲ್ಲಿ ಮಾವ ಎನ್ನುವ ಹಾಗೆ 'ವ್ಯಾಲೆಂಟೈನ್ ಮಾಮ್' ಎಂದೇ ಕರೆಯುತ್ತಿದ್ದರು.

ಅವನ ಹೆಂಡತಿ ಪ್ಯಾಟ್ರಿಶಿಯಾ ಕಾರ್ಕಳದವಳು. ಅವಳನ್ನು ಅವನು ಮೊದಲು ನೋಡಿದ್ದಲ್ಲ, ಕೇಳಿದ್ದು. ಗೆಳೆಯನ ತಂಗಿಯ ಮದುವೆಯ ಹಿಂದಿನ ದಿನ, ವಧುವಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ರೋಸ್ ಶಾಸ್ತ್ರ. ಚಪ್ಪರದ ಕೆಳಗೆ ಹೆಂಗಸರೆಲ್ಲ ಸೇರಿ ಹಾಡುತ್ತಿದ್ದರು. ಎಲ್ಲರ ಸ್ವರಕ್ಕಿಂತ ಮೇಲೆ ಒಂದು ಸ್ವರ ಯಾವ ಶ್ರಮವೂ ಇಲ್ಲದೆ ಹೋಗುತ್ತಿತ್ತು. ಬಡಿಸಲು ನಿಂತಿದ್ದ ವ್ಯಾಲೆಂಟೈನ್ ಸೌಟು ಹಿಡಿದವನು ಹಿಡಿದ ಹಾಗೆಯೇ ನಿಂತ. ಆಮೇಲೆ ಆ ಸ್ವರದ ಒಡತಿ ಯಾರು, ಮನೆ ಎಲ್ಲಿ, ಅಪ್ಪ ಎಂತಹ ಮನುಷ್ಯ ಎಂದೆಲ್ಲ ವಿಚಾರಿಸಿ ಅವನು ಮಾಡಿದ ಓಡಾಟವನ್ನು ಗೆಳೆಯರು ವರ್ಷಗಟ್ಟಲೆ ಆಡಿಕೊಂಡರು. ಮದುವೆಯಾಗಿ ಬಂದ ಮೇಲೆ ಅವಳು ಕಂಚಿಬೈಲಿನ ಹೆಂಗಸರ ಸಾಲಿನ ಮುಂದೆ ನಿಂತಳು. ಗಂಡ ಎತ್ತಿದ ಹಾಡನ್ನು ಹೆಂಡತಿ ಮಾಡಿನವರೆಗೆ ಕೊಂಡೊಯ್ಯುತ್ತಿದ್ದಳು. ಆ ವರ್ಷಗಳಲ್ಲಿ ಅವನಷ್ಟು ಸುಖಿ ಆ ಮಾರ್ಗದಲ್ಲಿ ಇನ್ನೊಬ್ಬ ಇರಲಿಲ್ಲ.

ಎಪ್ಪತ್ತೈದನೆಯ ಇಸವಿಯಲ್ಲಿ ಗಂಟಲು ಕೈ ಕೊಟ್ಟಿತು. ಮೊದಲು ಒಡಕು, ಆಮೇಲೆ ಬರೀ ಗಾಳಿ. ಕಂಡಕ್ಟರನಾದ ಅವನು ಕೂಗುವುದನ್ನು ಬಿಟ್ಟು ಬಸ್ಸಿನ ತಗಡು ಬಡಿಯತೊಡಗಿದ. ಮಣಿಪಾಲದಲ್ಲಿ ನೋಡಿ, ಸ್ವರ ಹೊರಡುವ ಜಾಗದಲ್ಲೇ ಸಣ್ಣ ಗಂಟು ಉಂಟು, ತೆಗೆಯಬೇಕು ಎಂದರು. ತೆಗೆದರು. ತೆಗೆದ ಗಂಟು ಕೆಟ್ಟದ್ದಲ್ಲ ಎಂದು ಗೊತ್ತಾಗುವವರೆಗೆ ಪ್ಯಾಟ್ರಿಶಿಯಾ ಆಸ್ಪತ್ರೆಯ ಬೆಂಚಿನಲ್ಲಿ ಜಪಮಾಲೆ ಹಿಡಿದು ಕೂತಿದ್ದಳು. ಮನೆಗೆ ಹೊರಡುವಾಗ ಡಾಕ್ಟರರು, "ಮಾತಾಡಿ, ಹಾಡಿ. ಗಂಟಲಿಗೆ ಜೋರು ಮಾತ್ರ ಮಾಡ್ಬೇಡಿ" ಎಂದರು. ಆ ಮಾತನ್ನು ವ್ಯಾಲೆಂಟೈನ್ ಒಂದು ಕಿವಿಯಲ್ಲಿ ಕೇಳಿದ, ಪ್ಯಾಟ್ರಿಶಿಯಾ ಎರಡೂ ಕಿವಿಯಲ್ಲಿ ಕೇಳಿದಳು.

ಅವನು ಮತ್ತೆ ಇಗರ್ಜಿಯಲ್ಲಿ ನಿಂತ ಭಾನುವಾರ ಜನ ಬಾಗಿಲಿನ ಹೊರಗೂ ನಿಂತಿದ್ದರು. ಸ್ವರ ಒಡೆದರೆ ಎಂಬ ಹೆದರಿಕೆಯಲ್ಲಿ ಅವನು ಹಾಡನ್ನು ತೀರಾ ತಗ್ಗಿನಲ್ಲಿ ಎತ್ತಿದ. ಒಡೆಯಲಿಲ್ಲ. ಎರಡನೆಯ ಸಾಲಿಗೆ ತಂಡ ಬಂತು, ಮೂರನೆಯದಕ್ಕೆ ಸಭೆ ಬಂತು. ಪೀಠದ ಪಕ್ಕದಲ್ಲಿ ಜನರ ಕಡೆ ಮುಖ ಮಾಡಿ ನಿಂತಿದ್ದ ಅವನಿಗೆ ಎಲ್ಲರ ಬಾಯಿ ಆಡುವುದು ಕಾಣುತ್ತಿತ್ತು. ಕಣ್ಣು ತುಂಬಿ ಬಂತು. ಪೂಜೆ ಮುಗಿದ ಮೇಲೆ ಮುದುಕರು ಬಂದು ಅವನ ಕೈ ಹಿಡಿದು ಅತ್ತರು.

ಅಲ್ಲಿಂದ ಮುಂದೆ ಅವನು ಪ್ರತಿ ವಾರ ಹೆದರುತ್ತಲೇ ಹಾಡಿದ. ಹೆದರಿದವನ ಕಿವಿ ತನ್ನ ಗಂಟಲ ಮೇಲೆಯೇ ಇರುತ್ತದೆ. ವರ್ಷ ಕಳೆದ ಹಾಗೆ ಶ್ರುತಿ ಇನ್ನಷ್ಟು ಇಳಿಯಿತು. ಇಳಿದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಅಳೆಯಲು ಪೆಟ್ಟಿಗೆ ಎಲ್ಲಿದೆ? ಬದಲಿಗೆ ಹೊಸ ಜಂಬವೊಂದು ಹುಟ್ಟಿತು. "ನಮ್ಮ ಹಾಡಿನಲ್ಲಿ ಒಂದು ಗಾಂಭೀರ್ಯ ಉಂಟು. ಪೇಟೆಯ ಇಗರ್ಜಿಗಳಲ್ಲಿ ಎಲ್ಲ ಬರೀ ಚೀರುವುದು" ಎಂದು ಡ್ರೈವರನಿಗೆ ಹೇಳುತ್ತಿದ್ದ. ಒಮ್ಮೆ ಹೆಂಗಸರ ಸಾಲಿನಲ್ಲಿ ಹಾಡುವ ಸಿಸಿಲಿಯಾ ಟೀಚರ್, "ಸ್ವಲ್ಪ ಮೇಲೆ ಎತ್ತಬಹುದಾ ವ್ಯಾಲೆಂಟೈನ್ ಮಾಮ್? ನಮಗೆ ಹೆಂಗಸರಿಗೆ..." ಎಂದು ಬಾಯಿ ತೆಗೆದರು. ಅವನು, "ಟೀಚರ್, ನೀವು ಮಕ್ಕಳಿಗೆ ಮಗ್ಗಿ ಹೇಳಿಕೊಡಿ, ಶ್ರುತಿ ನನಗೆ ಬಿಡಿ" ಎಂದುಬಿಟ್ಟ. ಪ್ಯಾಟ್ರಿಶಿಯಾ ಟೀಚರ ಸೆರಗು ಮೆಲ್ಲ ಎಳೆದಳು. ಆ ಮಾತು ಆಮೇಲೆ ಯಾರ ಬಾಯಿಂದಲೂ ಬರಲಿಲ್ಲ.

ಎಂಬತ್ತಮೂರರಲ್ಲಿ ಬೊಂಬಾಯಿಯಲ್ಲಿದ್ದ ಊರಿನವರು ಸೇರಿ ಹೊಸ ಹಾರ್ಮೋನಿಯಂ ಕಳಿಸಿದರು. ನುಡಿಸುವವನೂ ಇದ್ದ. ಪೀಟರ್ ಎಂಬವನು, ಪಾದ್ರಿಯಾಗಲು ಹೋಗಿ ಅರ್ಧಕ್ಕೆ ವಾಪಸು ಬಂದು ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದ. ಮಾತು ಕಡಿಮೆ, ಬೆರಳು ಚುರುಕು. ಮೊದಲ ಅಭ್ಯಾಸದ ದಿನ ಅವನು ಸ್ವರ ಬರೆದ ಹಾಡಿನ ಪುಸ್ತಕ ತೆರೆದು ನುಡಿಸಿದ, ವ್ಯಾಲೆಂಟೈನ್ ತನ್ನ ಪಾಡಿಗೆ ಹಾಡು ಎತ್ತಿದ. ಎರಡೂ ಕೂಡಿಬರಲೇ ಇಲ್ಲ. ಪೀಟರ್ ಪೆಟ್ಟಿಗೆಯ ಬಿಳಿ ಕಪ್ಪು ಮನೆಗಳನ್ನು ಒಂದೊಂದಾಗಿ ಕೆಳಗೆ ಒತ್ತುತ್ತ ಹೋಗಿ ಕೊನೆಗೆ ಒಂದು ಕಡೆ ನಿಂತ.

"ಮಾಮ್, ಪುಸ್ತಕದಲ್ಲಿ ಇರುವುದಕ್ಕಿಂತ ನಾವು ತುಂಬ ಕೆಳಗೆ ಇದ್ದೇವೆ" ಎಂದ.

"ಪೆಟ್ಟಿಗೆ ಸರಿ ಇಲ್ಲ" ಎಂದ ವ್ಯಾಲೆಂಟೈನ್. "ಬೊಂಬಾಯಿಯಿಂದ ರೈಲಿನಲ್ಲಿ, ಲಾರಿಯಲ್ಲಿ ಕುಲುಕಿಕೊಂಡು ಬಂದದ್ದು. ರಿಪೇರಿ ಮಾಡಿಸ್ತೇನೆ."

ಮರುದಿನ ಹಾರ್ಮೋನಿಯಂ, ಮೇಲೆ ಆ ಹಾಡಿನ ಪುಸ್ತಕ ಇಟ್ಟುಕೊಂಡು, ಬಸ್ಸಿನಲ್ಲಿ ಡ್ರೈವರನ ಪಕ್ಕ ಬೆಡ್‌ಶೀಟ್ ಹೊದ್ದು ಕೂತು ಉಡುಪಿಗೆ ಹೋಯಿತು. ರಥಬೀದಿಯ ಹಿಂದಿನ ಓಣಿಯಲ್ಲಿ ದಾಮೋದರ ಎಂಬವರು ಭಜನಾ ಮಂಡಳಿಗಳ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ಅವರು ಮುಚ್ಚಳ ಬಿಚ್ಚಿ, ಊದಿ, ಒತ್ತಿ, ತಮ್ಮ ಪೆಟ್ಟಿಗೆಯ ಜೊತೆ ಹೋಲಿಸಿ ನೋಡಿದರು. ಆ ಕಡೆ ಕ್ರೈಸ್ತರನ್ನು ಗೌರವದಿಂದ ಕರೆಯುವುದು ಪೊರ್ಬುಗಳು ಎಂದು, ಅವರೂ ಹಾಗೆಯೇ ಕರೆದರು.

"ಪೊರ್ಬುಗಳೇ, ಇದು ಒಳ್ಳೆ ಪೆಟ್ಟಿಗೆ. ಎಂತದೂ ಆಗ್ಲಿಲ್ಲ ಇದಕ್ಕೆ. ಎಲ್ಲಿ, ನೀವು ಒಂದು ಸಾಲು ಹಾಡಿ ನೋಡುವಾ."

ವ್ಯಾಲೆಂಟೈನ್ ಹಾಡಿದ. ದಾಮೋದರರು ಒಂದು ಬೆರಳನ್ನು ಅವನ ಸ್ವರದ ಮನೆಯ ಮೇಲಿಟ್ಟರು, ಇನ್ನೊಂದು ಕೈಯ ಬೆರಳನ್ನು ಪುಸ್ತಕದಲ್ಲಿದ್ದ ಮನೆಯ ಮೇಲಿಟ್ಟರು. ನಡುವೆ ಎಷ್ಟು ಮನೆ ಬಿಟ್ಟುಹೋಗಿದೆ ಎಂದು ಕಣ್ಣಿಗೇ ಕಾಣುತ್ತಿತ್ತು.

"ತಪ್ಪೆಂತ ಇಲ್ಲ ಬಿಡಿ. ಗಂಡಸರ ಭಜನೆಗೆ ಇದು ಒಳ್ಳೆ ಶ್ರುತಿ. ನಿಮ್ಮಲ್ಲಿ ಹೆಂಗಸರೂ ಹಾಡ್ತಾರಾ?"

"ಹಾಡದೆ ಮತ್ತೆ? ನನ್ನ ಹೆಂಡತಿಯೇ ಮುಂದೆ ನಿಲ್ಲುವುದು."

"ಇಷ್ಟು ಕೆಳಗೆ?" ಎಂದು ದಾಮೋದರರು ಕೇಳಿ, ಅವನ ಮುಖ ನೋಡಿ, ಮುಚ್ಚಳ ಹಾಕಿ ತಿರುಪು ಬಿಗಿಯತೊಡಗಿದರು.

ವಾಪಸು ಬರುವಾಗ ಕಟಪಾಡಿಯಲ್ಲಿ ಅಕ್ಕು ಬಸ್ಸು ಹತ್ತಿದಳು. ಬೆಳಿಗ್ಗೆ ಮಲ್ಪೆಯಲ್ಲಿ ಮೀನು ಕೊಂಡು ಊರೂರು ಮಾರುವ ಹೆಂಗಸು, ಭಾನುವಾರ ಕಂಚಿಬೈಲಿನ ಇಗರ್ಜಿಯ ಗೇಟಿನಲ್ಲಿ ಅವಳದ್ದೇ ಬುಟ್ಟಿ. ಖಾಲಿ ಬುಟ್ಟಿಯನ್ನು ಕಾಲಡಿ ಸರಿಸಿ ಕೂತವಳು ಬೆಡ್‌ಶೀಟಿನ ಅಡಿಯಿಂದ ಇಣುಕುತ್ತಿದ್ದ ಹಾರ್ಮೋನಿಯಂ ನೋಡಿದಳು.

"ಎಂತ ಪೊರ್ಬುಗಳೇ, ಇಗರ್ಜಿಗಾ? ಒಳ್ಳೆದಾಯ್ತು. ನಿಮ್ಮ ಮನೆಯ ಬಾಯಮ್ಮ ಪುನಃ ಹಾಡ್ತಾರೆ ಹಾಗಾದ್ರೆ."

"ಪುನಃ ಅಂದ್ರೆ ಎಂತ ಅಕ್ಕು? ಅವಳು ಪ್ರತಿ ವಾರ ಹಾಡ್ತಾಳೆ."

"ಇಲ್ಲಪ್ಪ, ನನಗೆ ಕೇಳುವುದಿಲ್ಲ. ಮೊದಲೆಲ್ಲ ಕಡೇ ಹಾಡಿಗೆ ಹೆಂಗಸರ ಸ್ವರ ತೋಡಿನ ನೀರು ದಾಟಿ ಆಚೆಗೆ ಬರ್ತಿತ್ತು. ಬಾಯಮ್ಮನದ್ದು ಬೇರೆಯೇ ಗೊತ್ತಾಗ್ತಿತ್ತು. ಅದು ಕೇಳಿದ ಮೇಲೆ ನಾನು ಬುಟ್ಟಿ ಎತ್ತುವುದು. ಗೇಟಿಗೆ ಮುಟ್ಟುವಾಗ ನಿಮ್ಮವರು ಹೊರಗೆ ಬರುವುದು. ಈಗ ಎಂತದೂ ಗೊತ್ತಾಗುವುದಿಲ್ಲ, ಮೊದಲೇ ಬಂದು ಬಿಸಿಲಲ್ಲಿ ಕೂತ್ಕೊಳ್ತೇನೆ. ಮೀನು ಹಾಳಾಗ್ತದೆ." ಅವಳು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. ಅವಳಿಗೆ ಅದು ಮೀನಿನ ವಿಷಯ ಅಷ್ಟೆ.

ಕಾಪು ಬಂದದ್ದು ವ್ಯಾಲೆಂಟೈನನಿಗೆ ತಿಳಿಯಲೇ ಇಲ್ಲ. ವಿಸಲ್ ಊದದೆ ಸ್ಟಾಪು ದಾಟಿ ಹೋಗಿ, ಜನರಿಂದ ಬೈಸಿಕೊಂಡ.

ಮನೆಗೆ ಬಂದವನು ಚಪ್ಪಲಿ ಕಳಚುವ ಮೊದಲೇ ಕೇಳಿದ. "ಪ್ಯಾಟ್ರಿಶಿಯಾ, ನೀನು ಇಗರ್ಜಿಯಲ್ಲಿ ಹಾಡ್ತೀಯಾ ಇಲ್ವಾ?"

ಅವಳು ಅಕ್ಕಿ ಗೇರುತ್ತಿದ್ದಳು. ಗೆರಸೆ ಕೆಳಗಿಟ್ಟಳು. ಬಹಳ ದಿನದಿಂದ ಈ ಪ್ರಶ್ನೆ ಬರುತ್ತದೆ ಎಂದು ಕಾದವಳ ಹಾಗೆ ಇತ್ತು ಅವಳ ಮುಖ.

"ಬಾಯಿ ಆಡಿಸ್ತೇನೆ" ಎಂದಳು. "ಅಷ್ಟು ಕೆಳಗೆ ನನಗೆ ಸ್ವರ ಇಲ್ಲ. ಯಾರಿಗೂ ಇಲ್ಲ. ನಾವು ಹೆಂಗಸರು ಎಲ್ಲ ಬಾಯಿ ಆಡಿಸುವುದು."

"ಎಷ್ಟು ಸಮಯದಿಂದ?"

"ಆಪರೇಷನ್ ಆದ ಮೇಲೆ. ಒಂದು ವಾರ, ಎರಡು ವಾರ ಅಂತ ಎಣಿಸಿದ್ದೆವು. ನೀವು ಪುನಃ ಹಾಡಿದ್ದೇ ನಮಗೆಲ್ಲ ದೊಡ್ಡದು. ಶ್ರುತಿ ಮೇಲೆ ಬರಬಹುದು ಅಂತ ಕಾದೆವು. ಅದು ಕೆಳಗೇ ಹೋಯ್ತು."

"ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?"

"ಹೇಳಿದ್ರೆ ನೀವು ಸುಮ್ಮನೆ ಇರ್ತಿದ್ರಾ? ಹಟಕ್ಕೆ ಬಿದ್ದು ಮೇಲೆ ಹಾಡ್ತಿದ್ರಿ. ಗಂಟಲು ಹೋಗ್ತಿತ್ತು. ಡಾಕ್ಟರ್ ಹೇಳಿದ್ದು ನಾನು ಮರೀಲಿಲ್ಲ." ಅವಳು ಗೆರಸೆ ಪುನಃ ಎತ್ತಿಕೊಂಡು ಹೇಳಿದಳು, "ನನ್ನ ಹಾಡು ಇಲ್ಲದಿದ್ರೆ ಎಂತ ಆಗ್ತದೆ? ನಿಮ್ಮ ಸ್ವರ ಇಲ್ಲದ ಮನೆಯಲ್ಲಿ ನನಗೆ ಇರ್ಲಿಕ್ಕೆ ಆಗುವುದಿಲ್ಲ."

ಇಂಥ ಮಾತು ಕೇಳಿದ ಗಂಡಸು ಕರಗಿ ಹೋದ ಎಂದು ಬರೆಯಬಹುದು. ಸುಳ್ಳಾಗುತ್ತದೆ. ವ್ಯಾಲೆಂಟೈನನಿಗೆ ಬಂದದ್ದು ಕೋಪ, ಮೈಯೆಲ್ಲ ಉರಿಯುವಂಥ ಕೋಪ. ಇಡೀ ಊರು ತನಗೆ ಗೊತ್ತಿಲ್ಲದೆ ತನ್ನನ್ನು ಮಗುವಿನ ಹಾಗೆ ಸಾಕಿತ್ತು. ಟೀಚರಿಗೆ ಗೊತ್ತು, ಮುದುಕಿಯರಿಗೆ ಗೊತ್ತು, ಮೀನಿನ ಅಕ್ಕುವಿಗೂ ಗೊತ್ತು. ಗಾಂಭೀರ್ಯ ಗಾಂಭೀರ್ಯ ಎಂದು ಡ್ರೈವರನ ಕಿವಿ ಕಡಿದದ್ದು ನೆನಪಾಗಿ ಬೆವರಿದ. ಅದರ ಅಡಿಯಲ್ಲಿ ಇನ್ನೊಂದು ಇತ್ತು, ಅದನ್ನು ಮುಟ್ಟಲು ಅವನಿಗೆ ಧೈರ್ಯವಿರಲಿಲ್ಲ. ಯಾವ ಸ್ವರಕ್ಕಾಗಿ ಕಾರ್ಕಳದ ದಾರಿ ಸವೆಸಿದ್ದನೋ ಆ ಸ್ವರ ನಾಲ್ಕು ಹೆಜ್ಜೆ ದೂರದಲ್ಲಿ ನಿಂತುಹೋಗಿ ವರ್ಷಗಳಾಗಿತ್ತು, ಅವನು ಗಮನಿಸಿರಲಿಲ್ಲ.

ಅವನು ಹಾಡು ಎತ್ತುವುದನ್ನೇ ಬಿಟ್ಟ. ಭಾನುವಾರದ ಬೆಳಗ್ಗಿನ ಟ್ರಿಪ್ಪು ಕೇಳಿ ತೆಗೆದುಕೊಂಡ. ಉಡುಪಿಯಲ್ಲಿ ಮೊದಲ ಪೂಜೆಯನ್ನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿ ಬಸ್ಸಿಗೆ ಓಡುತ್ತಿದ್ದ. ಧಣಿಗಳು ಆಶ್ಚರ್ಯಪಟ್ಟರು, ಕೇಳಲಿಲ್ಲ. ಪ್ಯಾಟ್ರಿಶಿಯಾ, "ನೀವಿಲ್ಲದೆ ನಾನು ಮುಂದೆ ನಿಲ್ಲುವುದಿಲ್ಲ" ಎಂದು ಬಾಗಿಲ ಬಳಿಯ ಬೆಂಚಿಗೆ ಹೋದಳು. ಮನೆಯಲ್ಲಿ ಊಟ ಆಯ್ತಾ, ದೀಪ ಆರಿಸಿದ್ರಾ, ಇಷ್ಟೇ ಮಾತು.

ಕೆಲವು ವಾರ ಕಳೆದು ಪೀಟರ್ ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ಹಿಡಿದ. "ಮಾಮ್, ನನ್ನಿಂದ ಆಗುವುದಿಲ್ಲ. ಪೆಟ್ಟಿಗೆ ಒಂದು ಕಡೆ, ಗಂಡಸರು ಕೆಳಗೆ. ಹೆಂಗಸರಿಗೆ ಸ್ವರ ಬಿಡ್ಲಿಕ್ಕೇ ಧೈರ್ಯ ಇಲ್ಲ, ಅಭ್ಯಾಸವೇ ತಪ್ಪಿ ಹೋಗಿದೆ. ನೀವು ಬನ್ನಿ."

"ಪೆಟ್ಟಿಗೆ ಬಂದ ಮೇಲೆ ನಾನು ಯಾಕೆ?" ಎಂದು ವ್ಯಾಲೆಂಟೈನ್ ಬ್ಯಾಗು ಕಂಕುಳಿಗೆ ಸಿಕ್ಕಿಸಿಕೊಂಡು ಹೋದ. ಅವನಿಗೆ ಒಳಗೊಳಗೇ ಖುಷಿಯಾಯಿತು. ಸುಳ್ಳೇಕೆ ಹೇಳಲಿ.

ಆಮೇಲೆ ಬಂದದ್ದು ಪವಿತ್ರ ವಾರ. ಪಾದ್ರಿಗಳು ಮನೆಗೇ ಬಂದರು. ಜಗಲಿಯಲ್ಲಿ ಕೂತು, ನೀರು ಕುಡಿದು, ನೇರ ವಿಷಯಕ್ಕೆ ಬಂದರು.

"ವ್ಯಾಲೆಂಟೈನ್, ಶುಭ ಶುಕ್ರವಾರ ಶೋಕದ ದಿನ, ಗಂಟೆ ಇಲ್ಲ, ಹಾರ್ಮೋನಿಯಂ ಇಲ್ಲ. ಪೀಟರ್ ಪೆಟ್ಟಿಗೆ ಇಲ್ಲದೆ ಹಾಡು ಎತ್ತುವವ ಅಲ್ಲ, ಅವನೇ ಹೇಳಿದ. ನಿನ್ನ ಸಿಟ್ಟು ಯಾರ ಮೇಲೆ ಅಂತ ನಾನು ಕೇಳುವುದಿಲ್ಲ. ಶಿಲುಬೆಗೆ ಮುತ್ತಿಕ್ಕುವಾಗ ಜನ ಮೂಕರ ಹಾಗೆ ನಿಲ್ಲಬಾರದು. ಬರ್ತೀಯಾ?"

"ಬರ್ತೇನೆ ಫಾದರ್" ಎಂದ. ಒಳಗೆ ನಿಂತಿದ್ದ ಪ್ಯಾಟ್ರಿಶಿಯಾ ಕೇಳಿಸಿಕೊಂಡಳು.

ಯಾಕೆ ಒಪ್ಪಿದ? ಭಕ್ತಿಯಿಂದ ಎಂದು ಅವನೂ ಹೇಳುತ್ತಿರಲಿಲ್ಲ. ಪೆಟ್ಟಿಗೆಗೆ ಬೀಗ ಬೀಳುವ ದಿನ ಅದು. ಆ ದಿನ ಶ್ರುತಿ ಪುನಃ ಅವನ ಕೈಯಲ್ಲಿ. ತಗ್ಗಿನಲ್ಲಿ ಎತ್ತಿದರೆ ಇಡೀ ಊರು ಮೊದಲಿನ ಹಾಗೆ ಹಿಂದೆ ಬರುತ್ತದೆ, ಅವನು ಮೊದಲಿನ ವ್ಯಾಲೆಂಟೈನ್ ಮಾಮ್ ಆಗುತ್ತಾನೆ, ಹೊರಗೆ ಯಾರೂ ಏನೂ ಆಡುವುದಿಲ್ಲ. ಮೇಲೆ ಎತ್ತಲು ಅವನಿಗೆ ಗಂಟಲೇ ಇಲ್ಲ. ಎತ್ತಲು ಹೋದರೆ ಒಡೆಯುತ್ತದೆ, ಅದೂ ಎಲ್ಲರ ಎದುರು. ಬಸ್ಸಿನಲ್ಲಿ ಚಿಲ್ಲರೆ ಕೊಡುವಾಗ, ವಿಸಲ್ ಊದುವಾಗ, ಇದೇ ಯೋಚನೆ. ಗುರುವಾರ ಸಂಜೆಗೆ ಅವನು ತೀರ್ಮಾನ ಮಾಡಿದ್ದ: ತಗ್ಗಿನಲ್ಲೇ.

ಶುಕ್ರವಾರ ಮಧ್ಯಾಹ್ನ ಬಿಸಿಲು ಹಂಚನ್ನು ಸುಡುತ್ತಿತ್ತು. ಇಗರ್ಜಿಯೊಳಗೆ ಬೆವರು, ಕರವಸ್ತ್ರ, ಮಕ್ಕಳ ಸಣ್ಣ ಅಳು. ಪೀಠ ಬರಿದಾಗಿತ್ತು. ವ್ಯಾಲೆಂಟೈನ್ ತನ್ನ ಜಾಗದಲ್ಲಿ ನಿಂತ. ಪಾದ್ರಿಗಳ ಒತ್ತಾಯಕ್ಕೆ ಪ್ಯಾಟ್ರಿಶಿಯಾ ಹೆಂಗಸರ ಸಾಲಿನ ಮುಂದೆ ಬಂದು ನಿಂತಿದ್ದಳು. ಶಿಲುಬೆಯನ್ನು ತಂದು ನಡುವೆ ಇಟ್ಟರು. ಜನ ಚಪ್ಪಲಿ ಇಲ್ಲದ ಕಾಲಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತು ಹಾಡಿಗಾಗಿ ಕಾದರು.

ಅವನು ಉಸಿರು ತೆಗೆದುಕೊಂಡ. ಆಗ ಕಣ್ಣು ಹೆಂಗಸರ ಸಾಲಿನ ಮೇಲೆ ಬಿತ್ತು. ಯಾರೂ ಉಸಿರು ತೆಗೆದುಕೊಂಡಿರಲಿಲ್ಲ. ಹಾಡಲು ಸಿದ್ಧರಾದವರು ಎದೆ ತುಂಬ ಗಾಳಿ ತುಂಬಿಕೊಳ್ಳುತ್ತಾರೆ, ಅದು ಹಾಡುವವನಿಗೆ ಕಾಣುತ್ತದೆ. ಇವರು ಬರೀ ತುಟಿ ಸರಿಮಾಡಿಕೊಂಡು ನಿಂತಿದ್ದರು. ಸಿಸಿಲಿಯಾ ಟೀಚರ್ ಹಾಗೆ ನಿಂತಿದ್ದರು. ಪ್ಯಾಟ್ರಿಶಿಯಾ ಹಾಗೆ ನಿಂತಿದ್ದಳು. ಇಷ್ಟು ವರ್ಷ ತನ್ನ ಎದುರೇ ಇದ್ದದ್ದು ಇವತ್ತು ಕಂಡಿತು.

ತೆಗೆದುಕೊಂಡ ಉಸಿರು ಹಾಗೆಯೇ ಹೊರಗೆ ಹೋಯಿತು. ಅವನು ಹೆಂಡತಿಯ ಕಡೆ ತಿರುಗಿದ.

"ನೀನು ಎತ್ತು."

ಅವಳು ಗಾಬರಿಯಾಗಿ ಹತ್ತಿರ ಬಂದಳು. "ಗಂಟಲಿಗೆ ಎಂತ ಆಯ್ತು? ನೋವುಂಟಾ?"

"ಎಂತ ಆಗ್ಲಿಲ್ಲ. ನೀನು ಎತ್ತು."

ಜನ ಕತ್ತು ಚಾಚಿ ನೋಡುತ್ತಿದ್ದರು. ಕಂಚಿಬೈಲಿನಲ್ಲಿ ಹೆಂಗಸು ಹಾಡು ಎತ್ತಿದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಪ್ಯಾಟ್ರಿಶಿಯಾ ಕಣ್ಣು ಮುಚ್ಚಿ ಮೊದಲ ಸಾಲು ಹಾಡಿದಳು.

ಅವಳು ಎತ್ತಿದ್ದು ತಗ್ಗಿನಲ್ಲಿ. ಅವನ ಶ್ರುತಿಯಲ್ಲೇ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ. ಅಲ್ಲಿ ಅವಳಿಗೆ ಸ್ವರವೇ ಇರಲಿಲ್ಲ. ಬರೀ ಗಾಳಿ, ಗಂಟಲ ಬುಡದಲ್ಲಿ ಒಂದು ಗೊರಗೊರ, ಮುಂದಿನ ಬೆಂಚಿಗೂ ಮುಟ್ಟದ ಸದ್ದು. ಊರಿನ ಎದುರು ಹಾಡು ಎತ್ತಲು ಸಿಕ್ಕ ಒಂದೇ ಅವಕಾಶದಲ್ಲಿ ಅವಳು ಗಂಡನಿಗೆ ಹಾಡಲು ಆಗುವ ಹಾಗೆ ಎತ್ತಿದ್ದಳು.

ವ್ಯಾಲೆಂಟೈನನಿಗೆ ಅದು ತಿಳಿಯಿತು. ಕೈ ಎತ್ತಿ ಅವಳನ್ನು ನಿಲ್ಲಿಸಿದ. ಶುಭ ಶುಕ್ರವಾರದ ಹಾಡನ್ನು ನಡುವೆ ನಿಲ್ಲಿಸಿದ್ದು ನೋಡಿ ಪಾದ್ರಿಗಳೂ ತಿರುಗಿದರು.

"ನನ್ನದು ಬೇಡ" ಎಂದ. ಮೆಲ್ಲ ಹೇಳಬೇಕೆಂದಿದ್ದ, ಆದರೆ ಆ ನಿಶ್ಶಬ್ದದಲ್ಲಿ ಎಲ್ಲರಿಗೂ ಕೇಳಿಸಿತು. "ನಿನ್ನ ಶ್ರುತಿಯಲ್ಲಿ ಹಾಡು."

ಅವಳು ಅವನನ್ನೇ ನೋಡಿದಳು. ಆಮೇಲೆ ಉಸಿರು ತೆಗೆದುಕೊಂಡಳು.

ಬಂದದ್ದು ಆ ಹಳೆಯ ಸ್ವರವಲ್ಲ. ಅವನು ಅದಕ್ಕಾಗಿ ಕಾದಿದ್ದ, ಹೇಳಬೇಕಾದ ಮಾತು ಅದು. ಬಂದದ್ದು ಐವತ್ತರ ಹತ್ತಿರ ಬಂದ ಹೆಂಗಸಿನ ಸ್ವರ, ತೆಳ್ಳಗೆ, ಅಲ್ಲಲ್ಲಿ ನಡುಗುತ್ತ. ಮೇಲಿನ ಸ್ವರಕ್ಕೆ ಹೋಗುವಾಗ ಒಡೆಯಿತು. ಅವಳು ಕೆಮ್ಮಿದಳು, ಬಿಡಲಿಲ್ಲ, ಅದೇ ಸಾಲನ್ನು ಮತ್ತೆ ಹಿಡಿದಳು. ಉಪಯೋಗಿಸದೆ ಇಟ್ಟದ್ದು ಉಳಿಯುವುದಿಲ್ಲ. ಒಳ್ಳೆಯ ವರ್ಷಗಳೆಲ್ಲ ಅವನ ಎದುರು ಬಾಯಿ ಆಡಿಸುವುದರಲ್ಲೇ ಹೋಗಿದ್ದವು. ಅವನು ನಿಂತಲ್ಲೇ ಅತ್ತ. ಕರವಸ್ತ್ರ ತೆಗೆಯಲಿಲ್ಲ, ಮುಖ ತಿರುಗಿಸಲೂ ಇಲ್ಲ.

ಎರಡನೆಯ ಸಾಲಿಗೆ ಸಿಸಿಲಿಯಾ ಟೀಚರ್ ಸೇರಿದರು. ಅವರದ್ದೂ ತುಕ್ಕು ಹಿಡಿದ ಸ್ವರವೇ. ಆಮೇಲೆ ಇನ್ನೊಬ್ಬರು, ಆಮೇಲೆ ಸಾಲು ಸಾಲು. ಗಂಡಸರು ತಮ್ಮ ಜಾಗ ಹುಡುಕಿ ಕೆಳಗಿನಿಂದ ಸೇರಿಕೊಂಡರು. ಚೆನ್ನಾಗಿತ್ತು ಎಂದು ಯಾರೂ ಹೇಳಲಾರರು. ಜೋರಾಗಿತ್ತು ಮಾತ್ರ. ಜನ ಸಾಗಿದರು, ಬಾಗಿದರು, ಶಿಲುಬೆಗೆ ಮುತ್ತಿಕ್ಕಿದರು. ಹಾಡು ಮುಗಿದಾಗ ಮತ್ತೆ ಮೊದಲಿನಿಂದ ಎತ್ತಬೇಕಾಯಿತು, ಆಗಲೂ ಅವಳೇ ಎತ್ತಿದಳು. ವ್ಯಾಲೆಂಟೈನ್ ಒಂದು ಸಾಲನ್ನೂ ಹಾಡಲಿಲ್ಲ.

ಮನೆಗೆ ನಡೆದು ಬರುವಾಗ ಗದ್ದೆಗಳ ನಡುವಿನ ಇಕ್ಕಟ್ಟು ಹುಣಿಯಲ್ಲಿ ಪ್ಯಾಟ್ರಿಶಿಯಾ ಮುಂದೆ, ಅವನು ಹಿಂದೆ. ಅವಳು ತಿರುಗದೆ ಕೇಳಿದಳು.

"ತುಂಬ ಮೇಲೆ ಆಯ್ತಾ? ನಿಮಗೆ ಹಾಡ್ಲಿಕ್ಕೆ ಆಗ್ಲಿಲ್ಲ ಅಲ್ವಾ?"

"ಆಗ್ಲಿಲ್ಲ" ಎಂದ ಅವನು. "ಕೇಳ್ತಾ ಇದ್ದೆ."